ಕಲಿತ ಅಕ್ಷರ ಒಣಗದಿರಲಿ



ನೀರು ಕಾಣದ ಪೈರು ಒಣಗುವಂತೆ, ಓದದೆ ಬಿಟ್ಟ ಅಕ್ಷರವೂ ಮರೆತುಹೋಗುತ್ತದೆ. ಕೂಲಿಯಿಂದ ಬದುಕುವ ಮನೆಯವರು ಪುಸ್ತಕ ಕೊಳ್ಳಲಾರರು. ಅವರಿಗೆ ಓದು ಒದಗಿಸುವುದು ಗ್ರಂಥಾಲಯದ ಕೆಲಸ.

ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಪತ್ರಿಕೆ ಹೊರಡಿಸಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ನೀವು ಕಟ್ಟುವ ಮನೆ ಕಂದಾಯದೊಡನೆ ಗ್ರಂಥಾಲಯ ಕರವೂ ಸೇರಿದೆ. ಆದ್ದರಿಂದ ಅದು ನಿಮ್ಮದೇ.

ಓದು ಏಕೆ ಬೇಕು? ಕೀಟನಾಶಕದ ಡಬ್ಬಿ ನೋಡಿ. ಕೆಂಪು ಗುರುತು ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಮೆ. ಬಣ್ಣ ಯಾರಿಗೂ ಕಾಣುತ್ತದೆ. ಆದರೆ ಬೆರೆಸುವ ಅಳತೆ, ಸಿಂಪಡಣೆಗೂ ಕೊಯ್ಲಿಗೂ ಇರಬೇಕಾದ ಅಂತರ, ವಿಷವೇರಿದರೆ ಮಾಡುವ ಉಪಚಾರ ಇವೆಲ್ಲ ಅಕ್ಷರದಲ್ಲಿವೆ. ಸಿಂಪಡಿಸುವವರು ಹೆಚ್ಚಾಗಿ ಕೂಲಿಯವರೇ. ಓದು ಬಾರದಿದ್ದರೆ ಅವರ ಪ್ರಾಣಕ್ಕೇ ಅಪಾಯ.

ಚನ್ನರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಹೀಗೆ ಮಾಡಬಹುದು:

1. ಕೂಲಿಯವರು ಮನೆಗೆ ಬಂದ ಮೇಲೂ ಗ್ರಂಥಾಲಯ ತೆರೆದಿರುವಂತೆ ಗ್ರಾಮಸಭೆಯಲ್ಲಿ ಕೇಳಿರಿ.

2. ದೂರದ ಕೇರಿಗಳಿಗೆ ವಾರಕ್ಕೊಮ್ಮೆ ಪುಸ್ತಕದ ಪೆಟ್ಟಿಗೆ ಕಳುಹಿಸಿರಿ.

3. ಸಂಜೆ ಅರಳಿಕಟ್ಟೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಉಳಿದವರು ಸರದಿಯಂತೆ ನಾಲ್ಕು ಸಾಲು ಓದಲಿ.

4. ದಪ್ಪ ಅಕ್ಷರದ, ರಾಗಿ, ಶೇಂಗಾ, ದನಕರುಗಳ ವಿಷಯದ ಪುಸ್ತಕ ಮೊದಲು ತರಿಸಿರಿ.

5. ಹೆಣ್ಣುಮಕ್ಕಳಿಗೆ ಅವರಿಗೆ ಒಪ್ಪುವ ಹೊತ್ತು ಗೊತ್ತುಮಾಡಿರಿ.

ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಕೈ, ಅದನ್ನು ಓದಿ ಸಹಿ ಹಾಕುವಂತಾಗಲಿ. ಈ ವಾರವೇ ಗ್ರಂಥಾಲಯಕ್ಕೆ ಹೋಗಿರಿ, ನೆರೆಮನೆಯವರನ್ನೂ ಕರೆದೊಯ್ಯಿರಿ.