ಬಾಲಕನ ಸೈಕಲ್ಲು, ದೊಡ್ಡವರ ಕಾರು: ಅಪಘಾತದ ತರುವಾಯದ ತಕರಾರು

ರಸ್ತೆಯೆಂಬುದು ಸರ್ವರ ಸ್ವತ್ತು. ನಡೆಯುವವನಿಗೂ, ಸೈಕಲ್ಲು ತುಳಿಯುವವನಿಗೂ, ಕಾರಿನಲ್ಲಿ ಸಾಗುವವನಿಗೂ ಅದರ ಮೇಲೆ ಸಮಾನವಾದ ಹಕ್ಕುಂಟು. ಆದರೆ ಡಿಕ್ಕಿಯಾದಾಗ ಬೀಳುವ ಪೆಟ್ಟು ಮಾತ್ರ ಸಮಾನವಲ್ಲ. ಕಾರಿನ ದೀಪ ಒಡೆಯುವಷ್ಟರಲ್ಲಿ ಬಾಲಕನ ಕಾಲು ಮುರಿದಿರುತ್ತದೆ. ಆ ಬಳಿಕ ಹುಟ್ಟುವ ತಕರಾರನ್ನು ನ್ಯಾಯವಾಗಿ ಬಗೆಹರಿಸುವ ಬಗೆ ಯಾವುದು? ನಾನು ನ್ಯಾಯಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೆ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನ ಕೈಗೆ ಊರವರು ಕಾಗದಪತ್ರ ಕೊಟ್ಟು ಓದಿಸುವುದು ವಾಡಿಕೆ. ಓದಿ ಹೇಳುವವನಿಗೆ ಕಾಯಿದೆಯ ಅಲ್ಪಸ್ವಲ್ಪ ಪರಿಚಯವಾದರೂ ಬೇಕೆಂದು ಈ ಅಭ್ಯಾಸಕ್ಕೆ ಕೈಹಾಕಿದೆನು.

ನಮ್ಮ ಭಾಗಕ್ಕೆ ಈ ವಿಷಯ ದೂರದ್ದಲ್ಲ. ನಿಪ್ಪಾಣಿಯ ಮಗ್ಗುಲಲ್ಲೇ ಬೆಳಗಾವಿ–ಕೊಲ್ಹಾಪುರ ರಾಷ್ಟ್ರೀಯ ಹೆದ್ದಾರಿ ಹಾಯ್ದುಹೋಗಿದೆ. ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ಅರ್ಧ ರಸ್ತೆಯನ್ನು ಆಕ್ರಮಿಸುತ್ತವೆ. ಉಳಿದರ್ಧದಲ್ಲಿ ಕಾರು, ಅದರ ಅಂಚಿನಲ್ಲಿ ಶಾಲೆಯ ಸೈಕಲ್ಲು. ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲಾರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ದೂರದ ಪ್ರೌಢಶಾಲೆಯನ್ನು ಕಂಡರು. ರಸ್ತೆ ಮಾತ್ರ ಅವರಿಗಾಗಿ ಅಗಲವಾಗಲಿಲ್ಲ.

ಅಪಘಾತವಾದೊಡನೆ ಗುಂಪು ಕೂಡುತ್ತದೆ. ಒಬ್ಬರು ಚಾಲಕನ ಅಂಗಿಗೆ ಕೈಹಾಕುತ್ತಾರೆ. ಮತ್ತೊಬ್ಬರು ಹುಡುಗನದೇ ತಪ್ಪೆನ್ನುತ್ತಾರೆ. ಮೂರನೆಯವರು ರಾಜಿಯ ಮಾತೆತ್ತುತ್ತಾರೆ. ಇವೆಲ್ಲಕ್ಕಿಂತ ಮುಂಚೆ ಆಗಬೇಕಾದುದು ಚಿಕಿತ್ಸೆ. 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನಂತೆ ಗಾಯಾಳುವಿಗೆ ವೈದ್ಯಕೀಯ ನೆರವು ಕೊಡಿಸುವುದು ಚಾಲಕನ ಕರ್ತವ್ಯ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ತಾಸುಗಳೊಳಗೆ ಠಾಣೆಗೆ ವರದಿ ಮಾಡಬೇಕು. ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಗುಂಪಿನ ಕೋಪದಿಂದ ನೆರವು ಕೊಡಿಸಲು ಅಸಾಧ್ಯವಾದರೆ ಅದೇ ಕಲಮು ಚಾಲಕನಿಗೆ ವಿನಾಯಿತಿ ಕೊಟ್ಟಿದೆ. ಎಂದರೆ ನಾವು ಕೈ ಎತ್ತಿದಷ್ಟೂ ಮಗುವಿಗೆ ದವಾಖಾನೆ ದೂರವಾಗುತ್ತದೆ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ, ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ತನಕ ನಗದಿಲ್ಲದ ಚಿಕಿತ್ಸೆಗೆ ಅವಕಾಶವುಂಟು. ಗಾಯಾಳುವನ್ನು ಸದ್ಭಾವದಿಂದ ಸಾಗಿಸಿದವನಿಗೆ 134–ಎ ಕಲಮು ರಕ್ಷಣೆ ನೀಡುತ್ತದೆ.

ಇನ್ನು ತಪ್ಪು ಯಾರದು? 'ಹುಡುಗ ಒಮ್ಮೆಲೇ ಅಡ್ಡ ಬಂದ' ಎಂಬುದು ಸಾಮಾನ್ಯವಾದ ಸಮರ್ಥನೆ. ಒಮ್ಮೊಮ್ಮೆ ಅದು ನಿಜವೂ ಆಗಿರಬಹುದು. ಆದರೆ ಎಳೆಯರ ಎಚ್ಚರವನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಬಾರದೆಂಬುದು ನ್ಯಾಯಾಲಯಗಳ ನಿಲುವು. 1966ರಲ್ಲಿ ಇಂಗ್ಲೆಂಡಿನ ಲಾರ್ಡ್ ಡೆನ್ನಿಂಗರು, ಲಾರಿ ಚಾಲಕನ ಕೈಸನ್ನೆ ನಂಬಿ ರಸ್ತೆ ದಾಟಿದ ಹದಿಮೂರರ ಬಾಲಕಿಯ ಮೇಲೆ ತಪ್ಪಿನ ಪಾಲು ಹೊರಿಸಲು ಒಪ್ಪಲಿಲ್ಲ. ಆ ವಯಸ್ಸಿನ ಮಗುವಿನಿಂದ ಎಷ್ಟು ಎಚ್ಚರವನ್ನು ನಿರೀಕ್ಷಿಸಬಹುದು ಎಂಬುದೇ ಪ್ರಶ್ನೆ. ಶಾಲೆಯ ಹತ್ತಿರ ಮಕ್ಕಳು ಅಡ್ಡ ಬಂದಾರೆಂಬ ಊಹೆ ಚಾಲಕನಿಗಿರಬೇಕು.

ತಪ್ಪನ್ನು ಸಾಧಿಸದೆಯೂ ಪರಿಹಾರ ಪಡೆಯುವ ದಾರಿಯೊಂದಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 164ನೆಯ ಕಲಮಿನಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಆದರೆ ಈ ಹಣವನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರ ಕೋರಿದ ಅರ್ಜಿ ಬಿದ್ದುಹೋಗುತ್ತದೆ, ಅವಸರ ಸಲ್ಲದು. ಮಗುವಿನ ಅಂಗಕ್ಕೆ ಕಾಯಂ ಊನವಾದಾಗ ಬೆಲೆ ಕಟ್ಟುವುದು ಕಠಿಣ. ಕರ್ನಾಟಕದ ಬಾಲಕನೊಬ್ಬನ ಮೊಕದ್ದಮೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಊನ ಶೇಕಡ 10ರವರೆಗಿದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 90ಕ್ಕೆ ಮೀರಿದರೆ 6 ಲಕ್ಷ ರೂಪಾಯಿ ಎಂಬ ಅಳತೆಯನ್ನು ಸೂಚಿಸಿತು. ಚಿಕಿತ್ಸೆಯ ವೆಚ್ಚ ಇದಕ್ಕೆ ಹೊರತು. 2020ರಲ್ಲಿ ಹನ್ನೆರಡರ ಬಾಲಕಿಯೊಬ್ಬಳಿಗೆ ಅದೇ ನ್ಯಾಯಾಲಯ 62 ಲಕ್ಷಕ್ಕೂ ಮೇಲ್ಪಟ್ಟು ಕೊಡಿಸಿತು. ಕಟ್ಟೆಯ ಮೇಲೆ ಕುಳಿತು ಕೆಲವು ಸಾವಿರಕ್ಕೆ ಒಪ್ಪುವ ತಂದೆಗೆ ಈ ಅಂಕಿಗಳನ್ನು ಯಾರು ಹೇಳಬೇಕು?

ರಾಜಿ ಕೆಟ್ಟದ್ದೆಂದು ನಾನು ಹೇಳಲಾರೆ. ಕಾರಿನ ಬಣ್ಣ ಕೆದರಿ ಹುಡುಗನ ಮೊಣಕಾಲು ತರಚಿದ್ದಕ್ಕೆ ಹಿರಿಯರ ಎರಡು ಮಾತೇ ಸಾಕು. ಆದರೆ ಎಲುಬು ಮುರಿದಾಗ, ತಲೆಗೆ ಪೆಟ್ಟಾದಾಗ, ನೋವಿನ ಪೂರ್ಣ ಸ್ವರೂಪ ಅಂದೇ ತಿಳಿಯದು. ನ್ಯಾಯಾಲಯದಲ್ಲಿ ಅಪ್ರಾಪ್ತನ ಪರವಾಗಿ ರಾಜಿಯಾಗಬೇಕಾದರೆ ನ್ಯಾಯಾಲಯದ ಅನುಮತಿ ಬೇಕು. ಬಂದ ಹಣವನ್ನು ಅವನು ಪ್ರಾಪ್ತನಾಗುವವರೆಗೆ ಬ್ಯಾಂಕಿನ ಮುದ್ದತು ಠೇವಣಿಯಲ್ಲಿಡುವ ಪದ್ಧತಿಯೂ ಇದೆ. ರಾಜಿಯನ್ನೇ ಬಯಸುವವರಿಗೆ ಲೋಕ ಅದಾಲತ್ತು ಇದೆ. ಮಕ್ಕಳಿಗೆ ಉಚಿತ ಕಾನೂನು ನೆರವು 1987ರ ಕಾಯಿದೆಯಿಂದ ದೊರೆತ ಹಕ್ಕು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, 15100ಕ್ಕೆ ಕರೆಮಾಡಬಹುದು. ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಸಲ್ಲಿಸುವುದು ಕ್ಷೇಮ.

ಗಡಿನಾಡಿನವರಾದ ನಮಗೆ ಮತ್ತೊಂದು ತೊಡಕು. ಕಾಗವಾಡದ ಹುಡುಗನಿಗೆ ಮೀರಜದ ರಸ್ತೆಯಲ್ಲಿ ಪೆಟ್ಟಾಗಬಹುದು, ಕಾರು ಮಹಾರಾಷ್ಟ್ರದ್ದಿರಬಹುದು, ಕಾಗದಗಳೆಲ್ಲ ಮರಾಠಿಯಲ್ಲಿರಬಹುದು. ಅಂಜಬೇಕಾಗಿಲ್ಲ. ಅಪಘಾತ ನಡೆದಲ್ಲಿಯಷ್ಟೇ ಅಲ್ಲದೆ ಅರ್ಜಿದಾರನು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಹಾಕಲು 166ನೆಯ ಕಲಮು ಅವಕಾಶವಿತ್ತಿದೆ.

ಚಾಲಕನ ಪಕ್ಷವನ್ನೂ ನೋಡುವುದು ನ್ಯಾಯ. ಸಾವಕಾಶವಾಗಿ ಸಾಗುತ್ತಿದ್ದವನಿಗೆ ಹುಡುಗನೇ ಬಂದು ಬಡಿದಿರಬಹುದು. ಅಂಥವನಿಗೆ ರಕ್ಷೆ ಓಡಿಹೋಗುವುದರಲ್ಲಿಲ್ಲ, ಠಾಣೆಯಲ್ಲಿದೆ. ಪರಿಹಾರದ ಹೊರೆಗೆ ಕಡ್ಡಾಯ ವಿಮೆಯಿದೆ. ಅಂತೆಯೇ ಮಗ ಮಾಡಿದನೆಂಬ ಒಂದೇ ಕಾರಣಕ್ಕೆ ಕಾರಿನ ದುರಸ್ತಿ ವೆಚ್ಚ ತಂದೆಯ ತಲೆಗೆ ಬರುವುದಿಲ್ಲ. ತಂದೆಯ ಸ್ವಂತ ಅಲಕ್ಷ್ಯ ಕಾಣಬೇಕು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ಬಹಳವಿಲ್ಲ, ಆದರೆ ಅಲ್ಪವೂ ಅಲ್ಲ. ಗಾಡಿಯ ನಂಬರು ಬರೆದುಕೊಳ್ಳುವುದು, ಗಾಡಿಗಳನ್ನು ಸರಿಸುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ಕಂಡದ್ದನ್ನು ಕಂಡಂತೆ ಸಾಕ್ಷಿ ನುಡಿಯುವುದು, ದವಾಖಾನೆಯ ಚೀಟಿಗಳನ್ನು ಜೋಪಾನವಾಗಿಡಲು ಹೇಳುವುದು. ಎಲ್ಲಕ್ಕಿಂತ ಮಿಗಿಲಾಗಿ, ಹೆಬ್ಬೆಟ್ಟು ಒತ್ತುವ ಮುನ್ನ ಕಾಗದವನ್ನು ಪೂರ್ತಿ ಓದಿ ತಿಳಿಸುವುದು. ಓದು ಬಲ್ಲವನು ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದರೆ ಒಂದು ಮಗುವಿನ ಮುಂದಿನ ಬಾಳು ಅಗ್ಗಕ್ಕೆ ಹೋಗುವುದು ತಪ್ಪೀತು.