ಬೆಂಗಳೂರು ಮುಸ್ಲಿಮ್ಸ್: ನಾವು ಮರೆತ ಫುಟ್‌ಬಾಲ್ ತಂಡ

ಫುಟ್‌ಬಾಲ್ ಮಾತು ಬಂದರೆ ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಬ್ರೆಜಿಲ್, ಪೆಲೆ, ನೇಮಾರ್. ತಪ್ಪೇನಿಲ್ಲ. ಆದರೆ ನಮ್ಮ ರಾಜಧಾನಿಯಲ್ಲೇ ಬೆಳೆದ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬಿನ ಹೆಸರು ಎಷ್ಟು ಜನರಿಗೆ ಗೊತ್ತು?

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶ ಕಟ್ಟಿದರು. ಮುಂದೆ ಅಲ್ಲಿನ ಸೈನಿಕರು ಆಡಿದ ಆಟವನ್ನೇ ನೋಡಿ ಸುತ್ತಲಿನ ಓಣಿಗಳ ಹುಡುಗರು ಬರಿಗಾಲಲ್ಲಿ ಫುಟ್‌ಬಾಲ್ ಕಲಿತರು. ಇಂಥ ನೆಲದಲ್ಲಿ ಬೆಳೆದ ಕ್ಲಬ್ ಇದು.

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಲವತ್ತೈದು ವರ್ಷ ಅದನ್ನು ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಿತು. ಇದನ್ನು ಬ್ರಿಟಿಷರನ್ನು ಸೋಲಿಸಿದ ಕಥೆಯಾಗಿ ಹೇಳಬೇಕೆಂದು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಫೈನಲ್ಲಿನಲ್ಲಿ ಎದುರಿಗಿದ್ದದ್ದು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಸಲ ಕಲಕತ್ತಾ ಲೀಗ್ ಗೆದ್ದ ತಂಡ ಅದು! ನನ್ನ ಲೆಕ್ಕದಲ್ಲಿ ಆ ಗೆಲುವಿನ ತೂಕ ಇನ್ನೂ ಹೆಚ್ಚು. ಬ್ರಿಟಿಷ್ ಸೇನೆಯ ತಂಡವನ್ನು ಮಣಿಸಿದ್ದು ಮರುವರ್ಷದ ಫೈನಲ್ಲಿನಲ್ಲಿ. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮತ್ತೆ ಕಪ್ ಬಂತು.

ಅದೇ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮನೆತುಂಬ ಫುಟ್‌ಬಾಲ್ ಆಟಗಾರರೇ ಇದ್ದ ಕುಟುಂಬ. ಚೆಂಡು ಇವರ ಕಾಲಿಗೆ ಸಿಕ್ಕರೆ ಕಸಿಯುವುದು ಕಷ್ಟ. ಅದಕ್ಕೇ 'ಹಾವಾಡಿಗ' ಎಂಬ ಅಡ್ಡಹೆಸರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ ಫ್ರಾನ್ಸ್ ಎದುರು 2-1ರಿಂದ ಸೋತರು. ಭಾರತದ ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಮರುವರ್ಷ ಅಹ್ಮದ್ ಖಾನ್ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ದೊಡ್ಡ ಊರಿನ ಕ್ಲಬ್ಬು ಕರೆದರೆ ಚಿಕ್ಕ ಕ್ಲಬ್ಬು ತಡೆಯುವುದಾದರೂ ಹೇಗೆ?

ಈಗ ನಮ್ಮ ಕಡೆಗೆ ಬರೋಣ. ಸೇಡಂ, ಚಿತ್ತಾಪುರ, ಚಿಂಚೋಳಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಂದರೆ ಆಗ ನಮ್ಮ ರಾಜಧಾನಿಯ ತಂಡ ಹೈದರಾಬಾದ್ ಸಿಟಿ ಪೊಲೀಸ್. ಆ ತಂಡ 1950ರಿಂದ 1954ರವರೆಗೆ ಇದೇ ರೋವರ್ಸ್ ಕಪ್ಪನ್ನು ಸತತ ಐದು ಬಾರಿ ಗೆದ್ದಿತು. ಕೋಚ್ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮೇಷ್ಟ್ರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನಕ್ಕೆ ಒಯ್ದವರು ಇವರೇ.

ವಾಡಿಯಿಂದಲೋ ಸೇಡಂನಿಂದಲೋ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಆ ತಂಡದ ಆಟ ಕಂಡವರು ನಿಮ್ಮ ಮನೆಯ ಹಿರಿಯರಲ್ಲಿ ಇರಬಹುದು. ಕೇಳಿ ನೋಡಿ. ನೆನಪಿದ್ದಷ್ಟನ್ನು ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.