ಸ್ವರ ಬಿದ್ದಿದೆಯೇ? ಮೊದಲು ಮಾತು ನಿಲ್ಲಿಸಿ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೂ ಪಾಣೆಮಂಗಳೂರಿನ ಸುತ್ತ ಆಟದ ಚೆಂಡೆ ಕೇಳುತ್ತಲೇ ಇರುತ್ತದೆ. ಭಾಗವತರ, ಅರ್ಥ ಹೇಳುವವರ ಗಂಟಲಿಗೆ ಇದು ಬಿಡುವಿಲ್ಲದ ಕಾಲ. ಶಾಲೆಯ ಟೀಚರುಗಳು, ಮೀನು ಮಾರುವವರೂ ದಿನವಿಡೀ ಗಂಟಲನ್ನೇ ದುಡಿಸುವವರು.

ಚಿಕಿತ್ಸೆಗೆ ಮೊದಲು ನೋವು ಎಲ್ಲಿದೆ ಎಂದು ಬೆರಳಿಟ್ಟು ನೋಡಿಕೊಳ್ಳಿ. ನುಂಗುವಾಗ ನೋವಾದರೆ ಅದು ಹೆಚ್ಚಾಗಿ ಗಂಟಲಿನದು. ಅರ್ಧ ಚಮಚ ಉಪ್ಪು ಹಾಕಿದ ಒಂದು ಲೋಟ ಬೆಚ್ಚನೆಯ ನೀರಿನಲ್ಲಿ ಮುಕ್ಕಳಿಸಿದರೆ ಹಿತವಾಗುತ್ತದೆ. ಸ್ವರ ಒಡೆದು, ಮಾತಾಡುವಾಗ ಕತ್ತಿನ ಮುಂಭಾಗದ ಗಂಟಿನ ಹತ್ತಿರ ನೋವಾದರೆ ಅದು ಧ್ವನಿಪೆಟ್ಟಿಗೆಯದು. ಮುಕ್ಕಳಿಸಿದ ನೀರು ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮು ಬಂದು ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಅದಕ್ಕೆ ಬೇಕಾದದ್ದು ಮೌನ. ಸಾಮಾನ್ಯ ಮಾತಿನಲ್ಲೇ ಗಂಡಸರ ಸ್ವರತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಒಂದಕ್ಕೊಂದು ಬಡಿಯುತ್ತವೆ. ಏರುಶ್ರುತಿಯ ಪದ್ಯದಲ್ಲಿ ಅದರ ಎರಡು ಮೂರು ಪಟ್ಟು. ಊದಿದ ತಂತುಗಳನ್ನು ಹಾಗೆ ಬಡಿಸಬಾರದು. ಎರಡು ಮೂರು ದಿನ ಮಾತು ಕಡಿಮೆ ಮಾಡಿ, ಹಾಡು ಬೇಡವೇ ಬೇಡ. ಪಿಸುಮಾತೂ ತಂತುಗಳನ್ನು ಬಿಗಿಯುತ್ತದೆ, ಹೇಳಲೇಬೇಕಾದ್ದನ್ನು ಮೆಲ್ಲಗಿನ ಸಹಜ ಸ್ವರದಲ್ಲೇ ಹೇಳಿ. ಗಂಟಲು ಕೆರೆದು ಕ್ಯಾಕರಿಸುವ ಬದಲು ಒಂದು ಗುಟುಕು ನೀರು ಕುಡಿಯಿರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಶೀತದ ಜೊತೆ ಬಂದ ಧ್ವನಿಪೆಟ್ಟಿಗೆಯ ಉರಿಯೂತ ಹೆಚ್ಚಾಗಿ ವೈರಸ್‌ನದು, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗುವುದರಿಂದ ಪ್ರಯೋಜನವಿಲ್ಲ.

ಆಟ ಮುಗಿಸಿ ಬೆಳಗಿನ ಜಾವ ಉಂಡು ಕೂಡಲೇ ಮಲಗುವವರಿಗೆ ಹೊಟ್ಟೆಯ ಆಮ್ಲ ಮೇಲೆ ಬಂದು ತಂತುಗಳನ್ನು ಕೆರಳಿಸಬಹುದು. ಊಟಕ್ಕೂ ನಿದ್ದೆಗೂ ಎರಡು ಮೂರು ತಾಸಿನ ಅಂತರವಿರಲಿ.

ಮೂರು ವಾರ ದಾಟಿದರೂ ಸ್ವರ ಸರಿಹೋಗದಿದ್ದರೆ ಕಾಯಬೇಡಿ. ಬೀಡಿ ಸೇದುವವರು, ಹೊಗೆಸೊಪ್ಪು ಜಗಿಯುವವರು ಇದನ್ನು ಎರಡು ಸಲ ಓದಿ. ಕತ್ತಿನಲ್ಲಿ ಗಂಟು, ಕಫದಲ್ಲಿ ರಕ್ತ, ಒಂದೇ ಕಿವಿಗೆ ಹಬ್ಬುವ ನೋವು ಇದ್ದರೆ ಮೂರು ವಾರವನ್ನೂ ಕಾಯಬಾರದು. ಉಸಿರಾಟಕ್ಕೆ ಕಷ್ಟವಾದರೆ, ಉಗುಳೂ ನುಂಗಲಾಗದಿದ್ದರೆ ಆ ಗಳಿಗೆಯಲ್ಲೇ ಹತ್ತಿರದ ಆಸ್ಪತ್ರೆಗೆ ಹೊರಡಿ.

ಬಂಟ್ವಾಳ ತಾಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು, ಅಗತ್ಯವಿದ್ದರೆ ಮಂಗಳೂರಿನ ವೆನ್ಲಾಕ್‌ಗೆ ಹೋಗಬಹುದು. ಕಿವಿ-ಮೂಗು-ಗಂಟಲು ತಜ್ಞರು ಸಣ್ಣ ಕ್ಯಾಮೆರಾದಿಂದ ತಂತುಗಳನ್ನು ನೋಡುವುದು ಕೆಲವೇ ನಿಮಿಷದ ಕೆಲಸ. ಅತಿಯಾಗಿ ಕೂಗಿ ತಂತುಗಳ ಮೇಲೆ ಬಂದ ಗಂಟುಗಳು ಹೆಚ್ಚಿನವರಲ್ಲಿ ಕೆಲವು ವಾರಗಳ ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತವೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆಗೆಂದೇ ತಜ್ಞರಿದ್ದಾರೆ. ಸ್ವರತಂತುವಿನ ಕ್ಯಾನ್ಸರ್ ಕೂಡ ಆರಂಭದಲ್ಲೇ ಸಿಕ್ಕಿದರೆ ಬಹುಪಾಲು ಜನರಲ್ಲಿ ವಾಸಿಯಾಗುತ್ತದೆ, ಸ್ವರವೂ ಉಳಿಯುತ್ತದೆ.

ಗುಣವಾದ ಭಾಗವತರು ಮೊದಲ ದಿನವೇ ಇಡೀ ರಾತ್ರಿ ಪದ ಹೇಳಬಾರದು. ತಗ್ಗಿದ ಶ್ರುತಿಯಲ್ಲಿ ಹದಿನೈದು ನಿಮಿಷ ಹಾಡಿ ನೋಡಿ. ಮರುದಿನ ಬೆಳಗ್ಗೆ ಸ್ವರ ಒಡೆಯದಿದ್ದರೆ ಇನ್ನಷ್ಟು ಹೊತ್ತು ಹಾಡಬಹುದು.